ಸಿಪ್ಪೆಗೂ ಗಾಳಿ ಬೇಕು

ಮನೆಯಲ್ಲೇ ಗೊಬ್ಬರ ಮಾಡಬೇಕು ಅಂತ ಮೊದಲ ಸಲ ಹೊರಟಾಗ ನಾನು ತಂದಿದ್ದು ಮುಚ್ಚಳ ಇರುವ ಒಂದು ಪ್ಲಾಸ್ಟಿಕ್ ಡ್ರಮ್. ತರಕಾರಿ ಸಿಪ್ಪೆ, ಕಾಫಿ ಚರಟ, ಮಿಕ್ಕ ಅನ್ನ, ಹಳಸಿದ ಸಾರು, ಎಲ್ಲವೂ ಅದರೊಳಗೆ ಹೋಯಿತು. ಬಾಲ್ಕನಿಯಲ್ಲಿ ವಾಸನೆ ಬರಬಾರದಲ್ವಾ, ಅದಕ್ಕೆ ಮುಚ್ಚಳ ಬಿಗಿಯಾಗಿ ಒತ್ತಿಡುತ್ತಿದ್ದೆ. ಹತ್ತನೇ ದಿನ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. ತಳದಲ್ಲಿ ಕಪ್ಪು ನೀರು ನಿಂತಿತ್ತು. ಮಹಡಿ ಮೇಲೆ ಕೈತೋಟ ಮಾಡುವ ಪಕ್ಕದ ಮನೆಯ ಆಂಟಿ ಬಂದು ಇಣುಕಿ ನೋಡಿದರು. "ಅದಕ್ಕೆ ಉಸಿರು ಕಟ್ಟಿದೆ ಕಣಪ್ಪ. ಪಕ್ಕದಲ್ಲಿ ತೂತು ಹಾಕು, ಒಣಗಿದ ಎಲೆ ತಂದು ಬೆರೆಸು" ಅಂದರು.

ಆಮೇಲೆ ಈ ವಿಷಯ ಓದುತ್ತಾ ಹೋದೆ. ನನ್ನ ಡ್ರಮ್ಮಿನೊಳಗೆ ಆಗಿದ್ದೇ ಊರಾಚೆಯ ಕಸದ ಗುಡ್ಡಗಳೊಳಗೂ ಆಗುತ್ತಿದೆ, ಆದರೆ ಲಕ್ಷಾಂತರ ಟನ್ ಲೆಕ್ಕದಲ್ಲಿ. ಭೂಮಿಯ ಬಿಸಿ ಏರುತ್ತಿದೆ ಅಂದಾಗ ನಮಗೆ ಕಾರು, ವಿಮಾನ, ಕಲ್ಲಿದ್ದಲಿನ ಹೊಗೆ ನೆನಪಾಗುತ್ತವೆ. ನೆನಪಾಗಲೇಬೇಕು, ದೊಡ್ಡ ಪಾಲು ಅವುಗಳದ್ದೇ. ಆದರೆ ಅವುಗಳ ಮೇಲೆ ನಮ್ಮ ಕೈ ಅಷ್ಟಾಗಿ ನಡೆಯುವುದಿಲ್ಲ. ಅಡುಗೆಮನೆಯ ಹಸಿ ಕಸ ಹಾಗಲ್ಲ. ಅದು ಯಾವ ಅನಿಲವಾಗಿ ಮೇಲೆ ಹೋಗಬೇಕು ಅನ್ನುವುದನ್ನು ದಿನಾ ನಮ್ಮ ಕೈಯೇ ತೀರ್ಮಾನಿಸುತ್ತದೆ.

ಒಂದೇ ಸಿಪ್ಪೆ, ಎರಡು ದಾರಿ

ಒಂದು ಬಾಳೆಹಣ್ಣಿನ ಸಿಪ್ಪೆ ತೆಗೆದುಕೊಳ್ಳಿ. ಅದರಲ್ಲಿರುವ ಇಂಗಾಲ ಎಲ್ಲಿಂದ ಬಂತು? ಗಾಳಿಯಿಂದ. ಕೆಲವು ತಿಂಗಳ ಹಿಂದೆ ಬಾಳೆಗಿಡ ಎಲೆ ಬಿಡಿಸಿಕೊಂಡು ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡನ್ನು ಹೀರಿ, ಬಿಸಿಲಿನ ಸಹಾಯದಿಂದ ಅದನ್ನು ಸಕ್ಕರೆ, ಪಿಷ್ಟ, ನಾರು ಮಾಡಿಕೊಂಡಿತು. ಈಗ ಸಿಪ್ಪೆ ಕೊಳೆಯುವಾಗ ಆ ಇಂಗಾಲ ವಾಪಸ್ ಹೋಗುತ್ತದೆ. ಯಾವ ರೂಪದಲ್ಲಿ ಹೋಗುತ್ತದೆ ಅನ್ನುವುದೇ ಇಲ್ಲಿ ಮುಖ್ಯ.

ಗಾಳಿ ಆಡುವ ಜಾಗದಲ್ಲಿ ಸಿಪ್ಪೆ ಬಿದ್ದರೆ ಆಮ್ಲಜನಕ ಬೇಕಾದ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ. ಅವು ನಮ್ಮ ಹಾಗೆಯೇ. ತಿನ್ನುತ್ತವೆ, ಉಸಿರಾಡುತ್ತವೆ, ಮೈ ಬಿಸಿ ಮಾಡಿಕೊಳ್ಳುತ್ತವೆ, ಇಂಗಾಲದ ಡೈಆಕ್ಸೈಡ್ ಹೊರಗೆ ಬಿಡುತ್ತವೆ. ಮೊನ್ನೆ ಮೊನ್ನೆ ಗಾಳಿಯಿಂದ ಬಂದ ಇಂಗಾಲ ಅದೇ ರೂಪದಲ್ಲಿ ಗಾಳಿಗೆ ಹೋಯಿತು. ಲೆಕ್ಕ ಚುಕ್ತಾ. ಒಂದಿಷ್ಟು ಇಂಗಾಲ ಗೊಬ್ಬರದಲ್ಲೇ ಉಳಿದು ಮಣ್ಣು ಸೇರುತ್ತದೆ, ಅದು ಲಾಭ.

ಅದೇ ಸಿಪ್ಪೆ ಗಾಳಿ ಸೇರದ ಜಾಗದಲ್ಲಿ ಬಿದ್ದರೆ? ಆಗ ಬೇರೆಯದೇ ತಂಡ ಕೆಲಸಕ್ಕೆ ಇಳಿಯುತ್ತದೆ. ಮೊದಲ ಗುಂಪು ಪಿಷ್ಟ, ಪ್ರೋಟೀನುಗಳನ್ನು ಒಡೆದು ಸಣ್ಣದು ಮಾಡುತ್ತದೆ. ಎರಡನೆಯದು ಅದನ್ನು ಹುಳಿ ಮಾಡುತ್ತದೆ, ಅಂದರೆ ಆಮ್ಲ ಮಾಡುತ್ತದೆ. ಕೊನೆಗೆ ಬರುವವು ಆ ಹುಳಿಯನ್ನು ಮೀಥೇನ್ ಅನಿಲವಾಗಿಸುವ ಜೀವಿಗಳು. ಇವು ಭೂಮಿಯ ಮೇಲಿನ ಅತಿ ಹಳೆಯ ಜೀವಿಗಳ ಸಾಲಿಗೆ ಸೇರಿದವು. ಗಾಳಿಯಲ್ಲಿ ಆಮ್ಲಜನಕ ತುಂಬಿಕೊಳ್ಳುವುದಕ್ಕೂ ಮೊದಲಿನ ಕಾಲದ ಬದುಕು ಅವುಗಳದ್ದು. ಇವತ್ತಿಗೂ ಆಮ್ಲಜನಕ ತಾಗಿದರೆ ಅವಕ್ಕೆ ಆಗುವುದಿಲ್ಲ. ಹಸುವಿನ ಹೊಟ್ಟೆಯಲ್ಲಿ, ನೀರು ನಿಂತ ಭತ್ತದ ಗದ್ದೆಯ ಕೆಸರಿನಲ್ಲಿ, ಜೌಗು ನೆಲದಲ್ಲಿ ಇರುವವೂ ಇವೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೀಥೇನಿಗೆ ವಾಸನೆ ಇಲ್ಲ. ನನ್ನ ಡ್ರಮ್ಮಿನಲ್ಲಿ ಬಂದ ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದ್ದು. ಆದರೆ ಅದೂ ಗಾಳಿ ಇಲ್ಲದಾಗಲೇ ಹುಟ್ಟುತ್ತದೆ. ಹಾಗಾಗಿ ಗೊಬ್ಬರದ ಗುಂಡಿ ನಾತ ಹೊಡೆದರೆ ಒಳಗೆ ಉಸಿರು ಕಟ್ಟಿದೆ ಅಂತ ತಿಳಿಯಬಹುದು.

ಈಗ ಕಸದ ಗುಡ್ಡವನ್ನು ನೆನಪು ಮಾಡಿಕೊಳ್ಳಿ. ಲಾರಿ ಮೇಲೆ ಲಾರಿ ಬಂದು ಸುರಿಯುತ್ತದೆ. ಯಂತ್ರ ಅದನ್ನು ತುಳಿದು ಗಟ್ಟಿ ಮಾಡುತ್ತದೆ. ಮೇಲೆ ಮಣ್ಣು ಬೀಳುತ್ತದೆ. ಒಳಗೆ ಸಿಕ್ಕಿಕೊಂಡ ಒಂದಿಷ್ಟು ಆಮ್ಲಜನಕ ಬೇಗ ಖಾಲಿಯಾಗುತ್ತದೆ. ಅಲ್ಲಿಂದ ಮುಂದೆ ಎಷ್ಟೋ ವರ್ಷ ಮೀಥೇನ್ ಸೋರುತ್ತಲೇ ಇರುತ್ತದೆ. ದೆಹಲಿಯ ಗಾಜಿಪುರದ ಕಸದ ಗುಡ್ಡಕ್ಕೆ ಬೇಸಿಗೆಯಲ್ಲಿ ಮತ್ತೆ ಮತ್ತೆ ಬೆಂಕಿ ಹತ್ತುವ ಸುದ್ದಿ ಓದಿರುತ್ತೀರಿ. ಆ ಬೆಂಕಿಯನ್ನು ಆರಿಸುವುದು ಕಷ್ಟ, ಯಾಕೆಂದರೆ ಗುಡ್ಡದ ಒಳಗೇ ಉರಿಯುವ ಅನಿಲ ತುಂಬಿದೆ. ಇನ್ನು, ಹಸಿ ಕಸವನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ಗಂಟು ಹಾಕಿ ಕೊಡುತ್ತೇವಲ್ಲ, ಆ ಪ್ರತಿಯೊಂದು ಗಂಟೂ ಗಾಳಿ ಇಲ್ಲದ ಒಂದು ಪುಟ್ಟ ಕೋಣೆಯೇ.

ಮೀಥೇನ್ ಯಾಕೆ ಬೇರೆ

ಬಿಸಿಯನ್ನು ಹಿಡಿದಿಡುವ ವಿಷಯದಲ್ಲಿ ಮೀಥೇನ್ ಬಹಳ ಬಲವಾದ ಅನಿಲ. ಒಂದು ಕಿಲೋ ಮೀಥೇನ್ ಮತ್ತು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಒಟ್ಟಿಗೆ ಗಾಳಿಗೆ ಬಿಟ್ಟರೆ, ಮುಂದಿನ 20 ವರ್ಷದಲ್ಲಿ ಮೀಥೇನ್ ಸುಮಾರು 80 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ. 100 ವರ್ಷದ ಲೆಕ್ಕ ಹಾಕಿದರೆ ಅದು ಸುಮಾರು 28 ಪಟ್ಟಿಗೆ ಇಳಿಯುತ್ತದೆ. ಎರಡು ಬೇರೆ ಬೇರೆ ಸಂಖ್ಯೆ ಯಾಕೆ ಅನ್ನುವುದರಲ್ಲೇ ಒಳ್ಳೆಯ ಸುದ್ದಿ ಇದೆ.

ಎರಡು ಹಂಡೆಗಳಿವೆ ಅಂದುಕೊಳ್ಳಿ. ಒಂದು ಹಂಡೆಗೆ ತೂತೇ ಇಲ್ಲ. ಅದಕ್ಕೆ ನೀರು ಸುರಿದಷ್ಟೂ ತುಂಬುತ್ತಲೇ ಹೋಗುತ್ತದೆ. ನಲ್ಲಿ ಸಣ್ಣ ಮಾಡಿದರೂ ಮಟ್ಟ ಏರುತ್ತಲೇ ಇರುತ್ತದೆ, ಸ್ವಲ್ಪ ನಿಧಾನವಾಗಿ ಅಷ್ಟೆ. ಇಂಗಾಲದ ಡೈಆಕ್ಸೈಡ್ ಹೆಚ್ಚುಕಡಿಮೆ ಹಾಗೆ. ನಮ್ಮ ಮುತ್ತಜ್ಜನ ಕಾಲದಲ್ಲಿ ಸುಟ್ಟ ಕಲ್ಲಿದ್ದಲಿನ ಒಂದು ಪಾಲು ಇನ್ನೂ ಮೇಲೆಯೇ ಇದೆ. ಎರಡನೇ ಹಂಡೆಯ ತಳದಲ್ಲಿ ತೂತಿದೆ. ನಲ್ಲಿ ಜೋರಾಗಿ ಬಿಟ್ಟರೆ ತುಂಬುತ್ತದೆ. ನಲ್ಲಿ ಸಣ್ಣ ಮಾಡಿದರೆ ಮಟ್ಟ ತಾನಾಗಿಯೇ ಇಳಿಯುತ್ತದೆ. ಮೀಥೇನ್ ಈ ಎರಡನೇ ಹಂಡೆ. ಗಾಳಿಯಲ್ಲಿ ಅದರ ಬಾಳಿಕೆ ಸುಮಾರು 12 ವರ್ಷ. ಆಮೇಲೆ ಒಡೆದುಹೋಗುತ್ತದೆ.

ಹಾಗಾದರೆ ಇವತ್ತು ಮೀಥೇನ್ ಕಡಿಮೆ ಮಾಡಿದರೆ ಅದರ ಫಲ ನಮ್ಮ ಕಣ್ಣೆದುರೇ, ಒಂದೆರಡು ದಶಕದೊಳಗೆ ಕಾಣುತ್ತದೆ. ಹವಾಮಾನದ ವಿಷಯದಲ್ಲಿ ಇಷ್ಟು ಬೇಗ ಉತ್ತರ ಕೊಡುವ ಕೆಲಸಗಳು ಬಹಳ ಇಲ್ಲ. ಇದನ್ನು ಓದಿದ ದಿನ ನನಗೆ ನಿಜವಾಗಿ ಧೈರ್ಯ ಬಂತು.

ಕೈಗಾರಿಕೆಗಳು ಬರುವ ಮೊದಲು ಗಾಳಿಯ ನೂರು ಕೋಟಿ ಅಣುಗಳಲ್ಲಿ ಸುಮಾರು 700 ಮೀಥೇನಿನದ್ದಾಗಿದ್ದವು. ಈಗ 1,900 ದಾಟಿದೆ. ಮನುಷ್ಯರಿಂದ ಬರುವ ಮೀಥೇನಿನಲ್ಲಿ ಸುಮಾರು ಐದನೇ ಒಂದು ಪಾಲು ಕಸ ಮತ್ತು ಕೊಳಚೆ ನೀರಿನಿಂದ. ಉಳಿದದ್ದರಲ್ಲಿ ಹೆಚ್ಚಿನದು ದನಕರು, ಭತ್ತದ ಗದ್ದೆ, ಕಲ್ಲಿದ್ದಲು, ತೈಲ, ಅನಿಲದ ಗಣಿಗಳಿಂದ. 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ನೂರಕ್ಕೂ ಜಾಸ್ತಿ ದೇಶಗಳು ಸೇರಿ 2030ರೊಳಗೆ ಮೀಥೇನನ್ನು ಶೇ. 30ರಷ್ಟು ಇಳಿಸುತ್ತೇವೆ ಅಂತ ಮಾತು ಕೊಟ್ಟವು. ಭಾರತ ಅದಕ್ಕೆ ಸಹಿ ಹಾಕಲಿಲ್ಲ. ನಮ್ಮಲ್ಲಿ ದನ ಮತ್ತು ಗದ್ದೆ ಅಂದರೆ ಸಣ್ಣ ರೈತರ ಬದುಕು, ಆ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆದರೆ ಕಸದ ಗುಡ್ಡದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಅಲ್ಲಿಂದ ಶುರು ಮಾಡಲು ಯಾವ ಸಹಿಗೂ ಕಾಯಬೇಕಿಲ್ಲ.

ಒಂದು ಮನೆಯ ಲೆಕ್ಕ

ಒಂದು ಮನೆಯಿಂದ ದಿನಕ್ಕೆ ಅರ್ಧ ಕಿಲೋ ಹಸಿ ಕಸ ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ ಸುಮಾರು 180 ಕಿಲೋ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ದೇಶಗಳಿಗೆ ಕೊಟ್ಟಿರುವ ಲೆಕ್ಕದ ಸೂತ್ರ ಹಿಡಿದರೆ, ಆಳವಾದ ಕಸದ ಗುಡ್ಡದಲ್ಲಿ ಒಂದು ಕಿಲೋ ಹಸಿ ಕಸದಿಂದ ಕೊನೆಗೆ ಸುಮಾರು 40 ಗ್ರಾಂ ಮೀಥೇನ್ ಬರುತ್ತದೆ. ಅಂದರೆ ಒಂದು ಮನೆಯ ಒಂದು ವರ್ಷದ ಕಸದಿಂದ 7 ಕಿಲೋಗೂ ಸ್ವಲ್ಪ ಜಾಸ್ತಿ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. 80ರಿಂದ ಗುಣಿಸಿ ನೋಡಿ. ಮುಂದಿನ 20 ವರ್ಷದ ಮಟ್ಟಿಗೆ ಅದು ಸುಮಾರು 580 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಬರುತ್ತದೆ. ಹಾಗಾಗಿ ಇದು 250 ಲೀಟರ್ ಪೆಟ್ರೋಲಿನ ಬಾಬತ್ತು. ಲೀಟರಿಗೆ 45 ಕಿಲೋಮೀಟರ್ ಓಡುವ ಸ್ಕೂಟರಾದರೆ 11,000 ಕಿಲೋಮೀಟರ್! 100 ವರ್ಷದ ಲೆಕ್ಕ ಹಿಡಿದರೂ 85 ಲೀಟರಿಗಿಂತ ಕಡಿಮೆ ಬರುವುದಿಲ್ಲ.

ಅದೇ ಕಸ ಗೊಬ್ಬರವಾದರೆ? ಪೂರ್ತಿ ಸೊನ್ನೆ ಆಗುವುದಿಲ್ಲ, ಇದನ್ನು ಮುಚ್ಚಿಡಬಾರದು. ಗೊಬ್ಬರದ ರಾಶಿಯ ಒಳಗೂ ಅಲ್ಲಲ್ಲಿ ಗಾಳಿ ಇಲ್ಲದ ಮೂಲೆಗಳಿರುತ್ತವೆ. ಅದೇ ಸೂತ್ರದ ಪ್ರಕಾರ ಕಿಲೋಗೆ ಸುಮಾರು 4 ಗ್ರಾಂ ಮೀಥೇನ್ ಬರುತ್ತದೆ, ಹತ್ತರಲ್ಲಿ ಒಂದು ಪಾಲು. ಜೊತೆಗೆ ಸ್ವಲ್ಪ ನೈಟ್ರಸ್ ಆಕ್ಸೈಡ್ ಕೂಡ, ಅದೂ ಬಿಸಿ ಹಿಡಿದಿಡುವ ಅನಿಲವೇ. ಎರಡನ್ನೂ ಸೇರಿಸಿದರೆ ಕಸದ ಗುಡ್ಡದ ಸುಮಾರು ಎಂಟನೇ ಒಂದು ಭಾಗ. ಇದೆಲ್ಲ ಅಂದಾಜಿನ ಲೆಕ್ಕ. ಮಳೆ, ಬಿಸಿಲು, ಗುಡ್ಡದ ಆಳ ನೋಡಿಕೊಂಡು ಮೇಲೆ ಕೆಳಗೆ ಆಗುತ್ತದೆ. ಆದರೆ ಯಾವ ದಿಕ್ಕಿಗೆ ವಾಲುತ್ತದೆ ಅನ್ನುವುದರಲ್ಲಿ ಅನುಮಾನ ಇಲ್ಲ.

ಬೆಂಗಳೂರು ಪದ್ಧತಿ, ಇಂದೋರ್ ಪದ್ಧತಿ

ಗೊಬ್ಬರದ ಬಗ್ಗೆ ಬರೆದ ಪಠ್ಯಗಳಲ್ಲಿ ಎರಡು ಭಾರತೀಯ ಊರುಗಳ ಹೆಸರು ಅಕ್ಕಪಕ್ಕ ಬರುತ್ತವೆ. ಎರಡರ ನಡುವಿನ ವ್ಯತ್ಯಾಸ ಗಾಳಿಯದ್ದೇ.

ಆಲ್ಬರ್ಟ್ ಹೋವರ್ಡ್ ಎಂಬ ಕೃಷಿ ವಿಜ್ಞಾನಿ 1920ರ ದಶಕದಲ್ಲಿ ಇಂದೋರಿನಲ್ಲಿ ಕೆಲಸ ಮಾಡುತ್ತಿದ್ದರು. ಇಲ್ಲಿನ ರೈತರಿಂದ, ಚೀನಾದ ರೈತರ ಅನುಭವದಿಂದ ಕಲಿತು ಒಂದು ಕ್ರಮ ರೂಪಿಸಿದರು. ಸೊಪ್ಪುಸದೆ, ಸಗಣಿ, ಮಣ್ಣು ಪದರ ಪದರವಾಗಿ ಹಾಕುವುದು, ಆಗಾಗ ಮಗುಚಿ ಗಾಳಿಯಾಡಿಸುವುದು. ಇದು ಇಂದೋರ್ ಪದ್ಧತಿ. ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ.

1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ಇನ್ನೊಂದು ಪದ್ಧತಿ ಕೊಟ್ಟರು. ಪಟ್ಟಣದ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಹಾಕಿ ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುವುದು. ಮಗುಚುವ ಕೆಲಸ ಇಲ್ಲ, ನೊಣ ಇಲ್ಲ, ವಾಸನೆ ಇಲ್ಲ. ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರ. ಶೌಚದ ಗುಂಡಿಗಳನ್ನು ಕೈಯಿಂದಲೇ ಬಳಿಯುತ್ತಿದ್ದ ಆ ಕಾಲಕ್ಕೆ, ಕಾಲರಾ ಹರಡುತ್ತಿದ್ದ ಪಟ್ಟಣಗಳಿಗೆ ಇದು ದೊಡ್ಡ ಉಪಕಾರ. ಸಾರಜನಕವೂ ಕಡಿಮೆ ನಷ್ಟವಾಗುತ್ತಿತ್ತು. ಆದರೆ ಮುಚ್ಚಿದ ಗುಂಡಿ ಅಂದರೆ ಗಾಳಿ ಇಲ್ಲದ ಗುಂಡಿ. ಮೀಥೇನಿನ ಚಿಂತೆ ಆಗ ಯಾರಿಗೂ ಇರಲಿಲ್ಲ. ಇವತ್ತು ಇದ್ದಿದ್ದರೆ ಅವರೇ ಅದನ್ನು ತಿದ್ದುತ್ತಿದ್ದರು ಅನ್ನಿಸುತ್ತದೆ.

ಆಮೇಲಿನ ಬೆಂಗಳೂರಿನ ಕಥೆ ಗೊತ್ತೇ ಇದೆ. ಊರು ಬೆಳೆಯಿತು. ಈಗ ದಿನಕ್ಕೆ ಸುಮಾರು 5,000 ಟನ್ ಕಸ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸ. ಎಷ್ಟೋ ವರ್ಷ ಇದೆಲ್ಲ ಸುತ್ತಲಿನ ಹಳ್ಳಿಗಳ ಮಡಿಲಿಗೆ ಹೋಯಿತು. ನೊಣ, ನಾತ, ಕೆಟ್ಟುಹೋದ ಬಾವಿ ನೀರು ಸಹಿಸಿ ಸಹಿಸಿ 2012ರಲ್ಲಿ ಮಾವಳ್ಳಿಪುರದವರು ಇನ್ನು ಸಾಕು ಅಂದರು. ನಗರದ ಬೀದಿಗಳಲ್ಲಿ ಕಸ ರಾಶಿ ಬಿತ್ತು. ಮಂಡೂರಿನವರೂ ಹೋರಾಡಿ 2014ರ ಕೊನೆಗೆ ಲಾರಿಗಳನ್ನು ನಿಲ್ಲಿಸಿದರು. ಆ ಹಳ್ಳಿಗಳ ಜನಕ್ಕೆ ನಾವು ಋಣಿಗಳು. ಅವರು ದಾರಿ ಅಡ್ಡ ಹಾಕದಿದ್ದರೆ ನಗರದವರಾದ ನಾವು ನಮ್ಮ ಬುಟ್ಟಿಯೊಳಗೆ ಇಣುಕಿಯೂ ನೋಡುತ್ತಿರಲಿಲ್ಲ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡೈಪರ್, ಪ್ಯಾಡ್‌ನಂಥವು, ಚೀಲಕ್ಕೆ ಒಣ ಕಸ.

ನಗರದ ಹಲವು ಕಡೆ ದಿನಕ್ಕೆ 5 ಟನ್ ಹಸಿ ಕಸದಿಂದ ಬಯೋಗ್ಯಾಸ್ ಮಾಡುವ ಘಟಕಗಳನ್ನೂ ಕಟ್ಟಲಾಯಿತು. ಅವುಗಳಲ್ಲಿ ಹಲವು ಸರಿಯಾಗಿ ಓಡಲಿಲ್ಲ. ಇದಕ್ಕೆ ಒಂದು ದೊಡ್ಡ ಕಾರಣ ಬಂದ ಕಸದಲ್ಲಿ ಪ್ಲಾಸ್ಟಿಕ್, ಗಾಜು, ಬಟ್ಟೆ ಎಲ್ಲ ಕಲೆತಿದ್ದದ್ದು. ಬಯೋಗ್ಯಾಸಿನ ಹೊಟ್ಟೆ ನಮ್ಮ ಹೊಟ್ಟೆಯಂತೆಯೇ. ಕವರ್ ಹೋದರೆ ಕಟ್ಟಿಕೊಳ್ಳುತ್ತದೆ.

ಇಂದೋರಿನಲ್ಲಿ ಏನಾಯಿತು ನೋಡಿ. ಅಲ್ಲಿ ಮೊದಲು ಮನೆ ಬಾಗಿಲಲ್ಲೇ ಕಸ ಬೇರೆ ಮಾಡಿ ಕೊಡುವುದನ್ನು ಗಟ್ಟಿಯಾಗಿ ರೂಢಿ ಮಾಡಿಸಿದರು. ಬೇರೆ ಮಾಡದ ಕಸ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಅದಾದ ಮೇಲೆ 2022ರ ಫೆಬ್ರವರಿಯಲ್ಲಿ ದಿನಕ್ಕೆ 550 ಟನ್ ಹಸಿ ಕಸ ಹಿಡಿಸುವ ಘಟಕ ಶುರುವಾಯಿತು. ಪೂರ್ತಿ ಓಡಿದರೆ ದಿನಕ್ಕೆ 17,000 ಕಿಲೋ ಅನಿಲ, 100 ಟನ್ ಗೊಬ್ಬರ ಕೊಡುವ ಘಟಕ ಅದು. ಆ ಅನಿಲದಲ್ಲಿ ಊರಿನ ಸಿಟಿ ಬಸ್ಸುಗಳು ಓಡುತ್ತವೆ. ಇಲ್ಲಿ ಗಾಳಿಯನ್ನು ಬೇಕೆಂತಲೇ ತಡೆದು ಮೀಥೇನ್ ಹುಟ್ಟಿಸುತ್ತಾರೆ, ಆದರೆ ಅದನ್ನು ಮೇಲೆ ಹೋಗಲು ಬಿಡದೆ ಹಿಡಿದು ಉರಿಸುತ್ತಾರೆ. ಮೀಥೇನ್ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಬಾಳೆಗಿಡ ಹೀರಿದ್ದು ಮತ್ತೆ ಅದೇ ರೂಪಕ್ಕೆ ಬಂತು, ನಡುವೆ ಒಂದು ಬಸ್ಸು ಓಡಿತು.

ಇದು ನಮಗೆ ಹೊಸದೇನೂ ಅಲ್ಲ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟದ ಮನೆಗಳಲ್ಲಿ ಗೋಬರ್ ಗ್ಯಾಸ್ ಎಷ್ಟೋ ದಶಕಗಳಿಂದ ಉರಿಯುತ್ತಿದೆ. ದಿನಕ್ಕೆ ಸುಮಾರು 50 ಕಿಲೋ ಸಗಣಿ ಇದ್ದರೆ ಒಂದು ಸಣ್ಣ ಘಟಕದಲ್ಲಿ ನಾಲ್ಕೈದು ಜನರ ಅಡುಗೆ ಆಗುತ್ತದೆ. ಅನಿಲ ಬಿಟ್ಟು ಹೊರಬರುವ ಸಗಣಿ ರಾಡಿ, ಅಂದರೆ ಸ್ಲರಿ, ತೋಟಕ್ಕೆ. ಒಂದೇ ಎಚ್ಚರಿಕೆ: ಪೈಪು, ಗುಮ್ಮಟ ಬಿರುಕು ಬಿಟ್ಟು ಸೋರಿದರೆ ಮೀಥೇನ್ ನೇರ ಗಾಳಿಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದಾ ಅಂತ ನೋಡುವುದು ಹವಾಮಾನಕ್ಕೂ ಒಳ್ಳೆಯದು, ಒಲೆಗೂ ಒಳ್ಳೆಯದು.

ಕೊಟ್ಟಿಗೆಯ ಸೊಪ್ಪು ಹೇಳುವ ಗುಟ್ಟು

ಮಲೆನಾಡಿನ ಕೊಟ್ಟಿಗೆ ನೋಡಿದವರಿಗೆ ಗೊತ್ತು. ದನದ ಕಾಲಡಿಗೆ ದಿನಾ ಸೊಪ್ಪು ಅಥವಾ ತರಗೆಲೆ ಹಾಸುತ್ತಾರೆ. ಅದಕ್ಕೆಂದೇ ಉತ್ತರ ಕನ್ನಡದಲ್ಲಿ ತೋಟಗಳಿಗೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು, ಇದೆ. ಎಲೆ ಗಂಜಲ ಹೀರುತ್ತದೆ, ಸಗಣಿಯ ಜೊತೆ ಕಲೆಯುತ್ತದೆ, ಅದನ್ನು ಎಳೆದು ಗೊಬ್ಬರದ ಗುಂಡಿಗೆ ಹಾಕುತ್ತಾರೆ. ದನಕ್ಕೆ ಮೆತ್ತಗಿನ ಹಾಸಿಗೆ ಆಯಿತು ಅಂತ ಕಂಡರೂ, ಗೊಬ್ಬರ ಮಾಡುವ ಇಡೀ ಶಾಸ್ತ್ರ ಅಲ್ಲಿದೆ.

ಸೂಕ್ಷ್ಮಜೀವಿಗಳಿಗೆ ಎರಡು ಬಗೆಯ ಊಟ ಬೇಕು. ಶಕ್ತಿಗೆ ಇಂಗಾಲ, ಮೈ ಕಟ್ಟಲು ಸಾರಜನಕ. ಅನ್ನ ಮತ್ತು ಬೇಳೆ ಇದ್ದ ಹಾಗೆ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಅವು ಖುಷಿಯಾಗಿ ಕೆಲಸ ಮಾಡುತ್ತವೆ. ಅಡುಗೆಮನೆಯ ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ಇಂಗಾಲ ಸಾಲದು. ಒಣ ಎಲೆಯಲ್ಲಿ ಇಂಗಾಲ ಧಾರಾಳ. ತೆಂಗಿನ ನಾರಿನ ಪುಡಿ, ಮರದ ಹೊಟ್ಟಿನಲ್ಲಿ ಇನ್ನೂ ಜಾಸ್ತಿ. ಹಸಿ ಕಸ ಮಾತ್ರ ಹಾಕಿದರೆ ಮಿಕ್ಕ ಸಾರಜನಕ ಅಮೋನಿಯಾ ಆಗಿ ಮೂಗಿಗೆ ಬಡಿಯುತ್ತದೆ. ಒಣ ಎಲೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಹಸಿ ಕಸದಲ್ಲಿ ಬಹುಪಾಲು ನೀರೇ. ಅದು ಮೆತ್ತಗಾಗಿ ಒಂದಕ್ಕೊಂದು ಅಂಟಿ ಗಾಳಿಯ ದಾರಿ ಮುಚ್ಚುತ್ತದೆ. ಎಲೆ ನಡುವೆ ನಿಂತು ಸಂದು ಬಿಡಿಸಿ ಕೊಡುತ್ತದೆ. ನನ್ನ ಡ್ರಮ್ಮಿನಲ್ಲಿ ಇಲ್ಲದೇ ಇದ್ದದ್ದು ಇವೆರಡೂ.

ಮಾಡುವ ಬಗೆ ಸುಲಭ. ತೂತುಗಳಿರುವ ಮಡಕೆಯೋ, ಡ್ರಮ್ಮೋ, ಪಕ್ಕದಲ್ಲಿ ಸಂದುಗಳಿರುವ ಕ್ರೇಟೋ ಯಾವುದಾದರೂ ಆಗುತ್ತದೆ. ತಳಕ್ಕೆ ನಾಲ್ಕು ಬೆರಳಿನಷ್ಟು ಒಣ ಎಲೆ. ಅದರ ಮೇಲೆ ಅವತ್ತಿನ ಹಸಿ ಕಸ, ಸ್ವಲ್ಪ ಹೆಚ್ಚಿಟ್ಟರೆ ಬೇಗ ಆಗುತ್ತದೆ. ಒಂದು ಬಟ್ಟಲು ಹಸಿ ಕಸಕ್ಕೆ ಒಂದೆರಡು ಬಟ್ಟಲು ಪುಡಿ ಮಾಡಿದ ಎಲೆ, ಇಲ್ಲವೇ ಅರ್ಧ ಬಟ್ಟಲು ನಾರಿನ ಪುಡಿ. ಮೊದಲ ಸಲ ಒಂದು ಹಿಡಿ ಹಳೆ ಗೊಬ್ಬರವೋ, ಹುಳಿ ಮಜ್ಜಿಗೆಯೋ, ಸಗಣಿ ನೀರೋ ಹಾಕಿದರೆ ಹೆಪ್ಪು ಹಾಕಿದ ಹಾಗೆ. ವಾರಕ್ಕೆ ಎರಡು ಸಲ ಕೋಲಿನಿಂದ ಕೆದಕಿ. ಒಂದು ಮುಷ್ಟಿ ತೆಗೆದು ಹಿಂಡಿದರೆ ಒಂದೆರಡು ಹನಿ ನೀರು ಬಂದರೆ ಹದ ಸರಿ. ಧಾರೆ ಇಳಿದರೆ ಎಲೆ ಹಾಕಿ, ಹನಿಯೂ ಬರದಿದ್ದರೆ ನೀರು ಚಿಮುಕಿಸಿ.

ಹದ ಸಿಕ್ಕ ರಾಶಿ ಬಿಸಿಯಾಗುತ್ತದೆ. ಅಪಾರ್ಟ್‌ಮೆಂಟಿನ ದೊಡ್ಡ ತೊಟ್ಟಿಗಳಲ್ಲಿ 55ರಿಂದ 65 ಡಿಗ್ರಿವರೆಗೂ ಏರುತ್ತದೆ. ಕಬ್ಬಿಣದ ಸರಳು ಚುಚ್ಚಿಟ್ಟು ಐದು ನಿಮಿಷ ಬಿಟ್ಟು ಮುಟ್ಟಿದರೆ ಕೈ ಸುಡುತ್ತದೆ. ಆ ಶಾಖಕ್ಕೆ ರೋಗದ ಕ್ರಿಮಿಗಳು, ಕಳೆಯ ಬೀಜಗಳು ಸಾಯುತ್ತವೆ. ಮನೆಯ ಸಣ್ಣ ಮಡಕೆ ಅಷ್ಟು ಬಿಸಿಯಾಗುವುದಿಲ್ಲ, ಶಾಖ ಹೊರಗೆ ಹೋಗಿಬಿಡುತ್ತದೆ. ಹೆದರಬೇಡಿ, ನಿಧಾನವಾಗಿ ಆದರೂ ಗೊಬ್ಬರ ಆಗುತ್ತದೆ. ಎರಡು ಮೂರು ತಿಂಗಳು ಬೇಕು.

ಬಹಳ ಜನ ಬಿಟ್ಟುಬಿಡುವುದು ಹುಳು ಕಂಡಾಗ. ದಪ್ಪಗೆ, ಕಂದು ಬಣ್ಣದ, ಅಕ್ಕಿಗಿಂತ ದೊಡ್ಡ ಹುಳುಗಳಾದರೆ ಅವು ಕಪ್ಪು ಸೈನಿಕ ನೊಣದ ಮರಿಗಳು. ಅವು ಕಚ್ಚುವುದಿಲ್ಲ, ಮನೆಯೊಳಗೆ ಬಂದು ಊಟದ ಮೇಲೆ ಕೂರುವ ಜಾತಿಯೂ ಅಲ್ಲ. ನಮಗಿಂತ ಬೇಗ ಕೆಲಸ ಮುಗಿಸಿಕೊಡುತ್ತವೆ. ನೋಡಲು ಕಷ್ಟವಾದರೆ ಮೇಲೆ ಒಂದು ಪದರ ಒಣ ಎಲೆ ಹಾಕಿ, ಅಷ್ಟೇ. ಮಾಂಸ, ಮೀನು, ಎಣ್ಣೆ ಪದಾರ್ಥ ಶುರುವಿನಲ್ಲಿ ಬೇಡ, ಇಲಿ ಬರುತ್ತದೆ.

ಗೊಬ್ಬರ ಮಾಡಲು ಜಾಗವೂ ಸಮಯವೂ ಇಲ್ಲದ ಮನೆಗಳು ಇವೆ. ಬಾಡಿಗೆಯ ಒಂದು ಕೋಣೆ, ಇಬ್ಬರೂ ದುಡಿಯುವವರು, ಬಾಲ್ಕನಿಯೇ ಇಲ್ಲ. ಅವರ ಮೇಲೆ ಇನ್ನೊಂದು ಹೊರೆ ಹಾಕಲು ನನಗೆ ಇಷ್ಟವಿಲ್ಲ. ಹಸಿ ಕಸವನ್ನು ಕವರಿಲ್ಲದೆ ಬೇರೆಯಾಗಿ ಕೊಟ್ಟರೆ ಅರ್ಧ ಕೆಲಸ ಆಯಿತು. ಒಂದು ಮನೆಯ ಸಾರು ಇನ್ನೊಂದು ಮನೆಯ ಪೇಪರಿನ ಮೇಲೆ ಚೆಲ್ಲಿದರೆ ಎರಡೂ ಕೆಟ್ಟವು. ಅದನ್ನು ಬರಿಗೈಯಲ್ಲಿ ಬಿಡಿಸುವವರು ಪೌರಕಾರ್ಮಿಕರು. ಅವರಿಗೆ ಒಡೆದ ಗಾಜು ಚುಚ್ಚುವುದು ತಪ್ಪುತ್ತದೆ ಅನ್ನುವ ಒಂದೇ ಕಾರಣ ಸಾಕು, ಹವಾಮಾನದ ಮಾತು ಆಮೇಲೆ.

ಊರಿಗೆ ಊರೇ ಇದನ್ನು ಮಾಡಬಹುದಾ ಅಂತ ಕೇಳುವವರಿಗೆ ಕೇರಳದ ಆಲಪ್ಪುಳ ಇದೆ. 2012ರಲ್ಲಿ ಅಲ್ಲೂ ಊರಾಚೆಯ ಜನ ಲಾರಿ ತಡೆದರು. ಹೊಸ ಗುಡ್ಡ ಹುಡುಕುವ ಬದಲು ನಗರಸಭೆ ಮನೆಮನೆಗೆ ಪೈಪ್ ಕಾಂಪೋಸ್ಟ್ (ನೆಟ್ಟಗೆ ನಿಲ್ಲಿಸಿದ ಪೈಪಿನೊಳಗೆ ಗೊಬ್ಬರ ಮಾಡುವ ಬಗೆ), ಸಣ್ಣ ಬಯೋಗ್ಯಾಸ್ ಕೊಡಿಸಿತು. ಜಾಗ ಇಲ್ಲದವರಿಗಾಗಿ ಬೀದಿ ಬದಿಯಲ್ಲಿ ಗಾಳಿಯಾಡುವ ತೊಟ್ಟಿಗಳನ್ನು ಕಟ್ಟಿಸಿತು. ನಾಲ್ಕು ಅಡಿ ಉದ್ದ, ಅಗಲ, ಎತ್ತರದ ತೊಟ್ಟಿ. ಹಸಿ ಕಸ, ಒಣ ಎಲೆ, ಸಗಣಿ ಪದರ ಪದರವಾಗಿ. ತುಂಬೂರ್‌ಮುಳಿ ಮಾದರಿ ಅಂತ ಹೆಸರು. ಸುಮಾರು 90 ದಿನಕ್ಕೆ ಗೊಬ್ಬರ. ಮೊದಲು ಮೂಗು ಮುಚ್ಚಿ ಓಡಾಡುತ್ತಿದ್ದ ಮೂಲೆಗಳಲ್ಲೇ ಇಂಥ ತೊಟ್ಟಿಗಳು ಎದ್ದವು. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕಸ ನಿಭಾಯಿಸುವುದರಲ್ಲಿ ಮಾದರಿಯಾದ ಐದು ನಗರಗಳಲ್ಲಿ ಆಲಪ್ಪುಳವನ್ನೂ ಸೇರಿಸಿತು.

ಇದೆಲ್ಲಕ್ಕಿಂತ ಮೊದಲಿನ ಮಾತೊಂದಿದೆ. ತಿನ್ನುವ ಅನ್ನ ಕಸವಾಗದಿದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಅಕ್ಕಿ ಬೆಳೆಯಲು ಹೋದ ನೀರು, ಗೊಬ್ಬರ, ಡೀಸೆಲ್, ಗದ್ದೆಯಿಂದ ಎದ್ದ ಮೀಥೇನ್ ಎಲ್ಲ ಆ ತುತ್ತಿನ ಜೊತೆಗಿದೆ. ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಹಾಳಾಯಿತು. ಅದರಲ್ಲಿ ಶೇ. 60ರಷ್ಟು ಮನೆಗಳಲ್ಲೇ. ರಾತ್ರಿ ಮಿಕ್ಕ ಅನ್ನ ಬೆಳಗ್ಗೆ ಚಿತ್ರಾನ್ನ ಆಗುವ ಮನೆಗಳಲ್ಲಿ, ಹೀರೆಕಾಯಿ ಸಿಪ್ಪೆ ಚಟ್ನಿ ಆಗುವ ಮನೆಗಳಲ್ಲಿ ಈ ಪಾಠ ಯಾರೂ ಹೇಳಿಕೊಡಬೇಕಿಲ್ಲ.

ಕೊನೆಗೆ, ಶುರು ಮಾಡುವವರಿಗೆ ಒಂದು ಉಪಯೋಗದ ಮಾತು. ಗೊಬ್ಬರದ ಕೆಲಸ ಮಳೆಗಾಲದಲ್ಲಿ ಕೆಡುತ್ತದೆ, ಯಾಕೆಂದರೆ ಆಗ ಒಣ ಎಲೆ ಸಿಗುವುದಿಲ್ಲ. ಎಲೆ ಸಿಗುವುದು ಜನವರಿಯಿಂದ ಮಾರ್ಚ್‌ವರೆಗೆ. ಆಗ ಬೀದಿಯ ಮರಗಳ ಕೆಳಗೆ ರಾಶಿ ಬಿದ್ದಿರುತ್ತದೆ, ಎಷ್ಟೋ ಕಡೆ ಅದನ್ನು ಗುಡಿಸಿ ಬೆಂಕಿ ಇಡುತ್ತಾರೆ. ಗುಡಿಸುವವರ ಹತ್ತಿರ ಕೇಳಿದರೆ ಖುಷಿಯಿಂದ ಕೊಡುತ್ತಾರೆ. ಈಗ ನಾನು ವರ್ಷಕ್ಕೆ ನಾಲ್ಕು ಗೋಣಿಚೀಲ ಹೊಂಗೆ ಎಲೆ ತುಂಬಿ, ಬಾಯಿ ಕಟ್ಟಿ, ನೀರು ಬೀಳದ ಮೆಟ್ಟಿಲ ಕೆಳಗೆ ಇಡುತ್ತೇನೆ. ಚೀಲದ ಮೇಲೆ ನಿಂತು ತುಳಿದರೆ ಎಲೆ ಪುಡಿಯಾಗಿ ಇನ್ನೊಂದಿಷ್ಟು ಹಿಡಿಯುತ್ತದೆ. ಮೂರು ಜನರ ಮನೆಗೆ ದೀಪಾವಳಿ ಕಳೆಯುವವರೆಗೂ ಸಾಕಾಗುತ್ತದೆ.